ಓದುಗರ ಪ್ರಶ್ನೆ: ಗುರಿ ಎಷ್ಟು ಹತ್ತಿರ ಬಂತು, ಅಳೆಯುವುದು ಹೇಗೆ?

ತುಳುವರ ಹೊಸ ವರ್ಷವಾದ ಬಿಸುವಿನ ದಿನ ಕಣಿ (ಬೆಳಿಗ್ಗೆ ಮೊದಲು ನೋಡುವ ಮಂಗಳ ವಸ್ತುಗಳು) ಕಂಡು ಶುರು ಮಾಡಿದ ಲೆಕ್ಕಗಳು ಮಳೆ ಹಿಡಿಯುವ ಹೊತ್ತಿಗೆ ಎಲ್ಲೆಲ್ಲಿ ನಿಂತುಹೋದವು ಎನ್ನುವುದಕ್ಕೆ ಈ ಸಲದ ಪತ್ರಗಳೇ ಸಾಕ್ಷಿ. ತೂಕ, ಸಾಲ, ಪರೀಕ್ಷೆ, ಯಕ್ಷಗಾನದ ಹೆಜ್ಜೆ, ಮಲ್ಲಿಗೆ ಗಿಡ ಹೀಗೆ ವಿಷಯ ಬೇರೆ ಬೇರೆ. ಹೆಚ್ಚಿನವರ ತೊಂದರೆ ಮಾತ್ರ ಒಂದೇ: ಶ್ರಮ ಬೇಕಾದಷ್ಟು ಉಂಟು, ಅಳೆಯುತ್ತಿರುವುದು ಬೇರೇನನ್ನೋ.

ಪ್ರಶ್ನೆ: ನನಗೆ 44 ವರ್ಷ. ಡಾಕ್ಟರು 6 ಕಿಲೋ ಇಳಿಸಲು ಹೇಳಿದ್ದಾರೆ. ರಾತ್ರಿ ಅನ್ನ ಕಮ್ಮಿ ಮಾಡಿದ್ದೇನೆ, ಬೆಳಿಗ್ಗೆ ಅಜ್ಜರಕಾಡು ಪಾರ್ಕಿನಲ್ಲಿ 40 ನಿಮಿಷ ನಡೆಯುತ್ತೇನೆ. ತೂಕ ನೋಡುವುದು ಬುಧವಾರ ಮಾತ್ರ. ಹೋದ ಬುಧವಾರ 71.4 ಇತ್ತು, ಈ ಬುಧವಾರ 71.5! ಇಷ್ಟೆಲ್ಲ ಮಾಡಿ ಏರುವುದಾದರೆ ಎಂತಕ್ಕೆ ನಡೆಯುವುದು ಅಂತ ಕಾಣ್ತದೆ.
— ಗೃಹಿಣಿ, ಕಿನ್ನಿಮೂಲ್ಕಿ, ಉಡುಪಿ

ಉತ್ತರ: 100 ಗ್ರಾಂ ಅಂದರೆ ಅರ್ಧ ಲೋಟ ನೀರು. ಅದರಿಂದ ಏರಿದೆ ಅಂತಲೂ ಹೇಳಲಾಗದು, ಇಳಿದಿಲ್ಲ ಅಂತಲೂ ಹೇಳಲಾಗದು. ದೊಡ್ಡವರ ತೂಕ ಒಂದೇ ದಿನದಲ್ಲಿ ಒಂದು, ಒಂದೂವರೆ ಕಿಲೋ ಆಚೀಚೆ ಆಗುವುದು ಮಾಮೂಲು. ಮಂಗಳವಾರ ರಾತ್ರಿ ಗಂಜಿಗೆ ಒಣಮೀನಿನ ಚಟ್ನಿಯೋ ಉಪ್ಪುಸೊಳೆಯ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ) ಪಲ್ಯವೋ ಇದ್ದರೆ ಆ ಉಪ್ಪಿನಿಂದ ಬುಧವಾರ ಬೆಳಿಗ್ಗೆ ಮೈಯಲ್ಲಿ ನೀರು ಹೆಚ್ಚು ನಿಂತಿರುತ್ತದೆ. ಅನ್ನ, ರೊಟ್ಟಿಯಿಂದ ಬಂದ ಸಕ್ಕರೆ ಅಂಶ ಸ್ನಾಯುಗಳಲ್ಲಿ ಶೇಖರವಾಗುವಾಗ ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರನ್ನೂ ಜೊತೆಗೆ ಹಿಡಿದುಕೊಳ್ಳುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ತೂಕ ಏರುವುದೂ ನೀರಿನಿಂದಲೇ. ಕೊಬ್ಬಿನ ಲೆಕ್ಕವೇ ಬೇರೆ: ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಖರ್ಚಾದದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಮದುವೆ ಊಟವಾದರೂ ಒಂದು ರಾತ್ರಿಯಲ್ಲಿ ಅಷ್ಟು ಹೋಗುವುದಿಲ್ಲ.

ವಾರಕ್ಕೊಮ್ಮೆ ನೋಡುವುದೇ ಇಲ್ಲಿ ಎಡವಟ್ಟು. ದಿನಾ ನೋಡಿ, ಆದರೆ ದಿನದ ಅಂಕಿಯನ್ನು ನಂಬಬೇಡಿ. ಏಳು ದಿನದ್ದನ್ನು ಕೂಡಿಸಿ ಏಳರಿಂದ ಭಾಗಿಸಿ ಬಂದ ಸರಾಸರಿಯನ್ನು ಮಾತ್ರ ಹೋಲಿಸಿ. ನಿಮ್ಮ ಎರಡು ಬುಧವಾರಗಳ ಸುತ್ತ ಉಳಿದ ದಿನಗಳು ಹೀಗಿದ್ದವು ಅಂತ ಇಟ್ಟುಕೊಳ್ಳೋಣ. ಮೊದಲ ವಾರ, ಸೋಮವಾರದಿಂದ: 71.2, 70.6, 71.4, 70.9, 71.8, 70.7, 70.8. ಸರಾಸರಿ 71.1. ಎರಡನೇ ವಾರ: 70.9, 70.3, 71.5, 70.6, 70.4, 71.0, 70.2. ಸರಾಸರಿ 70.7. ಬುಧವಾರಕ್ಕೆ ಬುಧವಾರ ಹೋಲಿಸಿದರೆ 100 ಗ್ರಾಂ ಏರಿಕೆ, ವಾರಕ್ಕೆ ವಾರ ಹೋಲಿಸಿದರೆ 400 ಗ್ರಾಂ ಇಳಿಕೆ. ತಿಂಗಳಿಗೆ ಒಂದೂವರೆಯಿಂದ 2 ಕಿಲೋ ಇಳಿದರೆ ಒಳ್ಳೆಯ ವೇಗವೇ.

ಅಳೆಯುವಾಗ ನಾಲ್ಕು ಸಂಗತಿ ಒಂದೇ ರೀತಿ ಇರಲಿ: ಬೆಳಿಗ್ಗೆ ಶೌಚ ಮುಗಿಸಿ, ಚಾ ಕುಡಿಯುವ ಮೊದಲು, ಒಂದೇ ತೂಕದ ಯಂತ್ರ, ಒಂದೇ ಜಾಗ, ಹೆಚ್ಚುಕಮ್ಮಿ ಒಂದೇ ಬಗೆಯ ಬಟ್ಟೆ. ಯಂತ್ರವನ್ನು ಗಟ್ಟಿ ನೆಲದ ಮೇಲಿಡಿ. ಚಾಪೆ, ಮ್ಯಾಟ್ ಮೇಲಿಟ್ಟರೆ ಅಂಕಿ ತಪ್ಪುತ್ತದೆ. ಹಳೆಯ ಸಾರಣೆ ನೆಲದ ಉಬ್ಬುತಗ್ಗಿನಲ್ಲಿ ಒಂದು ಕಾಲು ಎದ್ದಿದ್ದರೂ ಹಾಗೆಯೇ. ತಿಂಗಳಿಗೆ ಎರಡು ಸಲ ಟೇಪಿನಲ್ಲಿ ಸೊಂಟವನ್ನೂ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಉಸಿರು ಹೊರಗೆ ಬಿಟ್ಟು, ಬಿಗಿಯದೆ ಓದಬೇಕು. ಭಾರತೀಯ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಎಚ್ಚರಿಕೆಯ ಗೆರೆ. ತೂಕ ನಿಂತಲ್ಲೇ ನಿಂತು ಸೊಂಟ ಇಳಿಯುವುದೂ ಉಂಟು, ಅದು ಸೋಲಲ್ಲ. ನಾಲ್ಕು ವಾರದ ಸರಾಸರಿಯೂ ಕದಲದಿದ್ದರೆ ಆಗ ಊಟದ ಪ್ರಮಾಣ ನೋಡಿ, ಥೈರಾಯಿಡ್ ಬಗ್ಗೆ ಡಾಕ್ಟರನ್ನು ಕೇಳಿ. ದಿನಾ ಅಂಕಿ ನೋಡಿ ಮನಸ್ಸು ಕೆಡುತ್ತದೆ ಅಂತಾದರೆ ಯಂತ್ರ ಅಟ್ಟಕ್ಕೇರಿಸಿ, ಟೇಪು ಒಂದೇ ಸಾಕು.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಆಗಲೇಬೇಕಾ? ಮೊಬೈಲಿನಲ್ಲಿ ಒಂದು ದಿನ 9,000, ಒಂದು ದಿನ 3,000 ತೋರಿಸ್ತದೆ.
— ನಿವೃತ್ತ ಶಿಕ್ಷಕರು, ಸುರತ್ಕಲ್

ಉತ್ತರ: 10,000 ವೈದ್ಯರು ಕೊಟ್ಟ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ 'ಮಾನ್ಪೊ-ಕೆ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಅಲ್ಲಿಂದ ಅಂಟಿಕೊಂಡ ಗುರಿ ಇದು. ನಿಮ್ಮ ಈಗಿನ ಒಂದು ವಾರದ ಸರಾಸರಿ ತೆಗೆದು ಅದಕ್ಕೆ 1,000 ಸೇರಿಸಿ. ಮೂರು ವಾರ ಅದು ನಿಂತ ಮೇಲೆ ಮತ್ತೆ 1,000. ಮೊಬೈಲು ಮನೆಯ ಮೇಜಿನ ಮೇಲಿದ್ದರೆ ಅಂಗಳದ ನಡಿಗೆ ಲೆಕ್ಕಕ್ಕೆ ಬರುವುದಿಲ್ಲ, ಜೇಬಿನಲ್ಲಿಟ್ಟು ಹೊಂಡದ ರಸ್ತೆಯಲ್ಲಿ ಸ್ಕೂಟರ್ ಬಿಟ್ಟರೆ ನಡೆಯದ ಹೆಜ್ಜೆಯೂ ಬರುತ್ತದೆ. ನಿಮಿಷ ಬರೆದಿಡುವುದು ಇದಕ್ಕಿಂತ ನಂಬಿಗಸ್ತ.

ಪ್ರಶ್ನೆ: ಪ್ರತಿ ಜನವರಿಯಲ್ಲಿ ಡೈರಿ ತಗೊಳ್ಳುವುದು, ಶಿವರಾತ್ರಿಗೆ ನಿಲ್ಲುವುದು. ಈ ಸಲ ಮೊಬೈಲಿನಲ್ಲಿ ಆ್ಯಪ್ ಹಾಕಿದೆ. ವಾಕಿಂಗ್, ಪ್ರಾಣಾಯಾಮ, ಓದು, ಇಂಗ್ಲಿಷ್ ಅಭ್ಯಾಸ, ನೀರು, ಸಕ್ಕರೆ ಬಿಡುವುದು, ಉಳಿತಾಯ, ಫೋನ್ ಕಮ್ಮಿ ಮಾಡುವುದು, ಹತ್ತಕ್ಕೆ ಮಲಗುವುದು, ಒಟ್ಟು ಒಂಬತ್ತು. 34 ದಿನ ಸತತ ಹಸಿರು ಇತ್ತು. ಅತ್ತೆಮನೆಯಲ್ಲಿ ದೈವದ ಕೋಲ ಅಂತ ಎರಡು ದಿನ ಹೋದೆ, ಸೊನ್ನೆಗೆ ಬಂತು. ಆಮೇಲೆ ತೆರೆದೇ ಇಲ್ಲ ಮಾರಾಯ್ರೆ.
— ಖಾಸಗಿ ಕಂಪೆನಿ ನೌಕರ, ಬಿಜೈ, ಮಂಗಳೂರು

ಉತ್ತರ: ಒಂಬತ್ತು ಅಭ್ಯಾಸ ಅಂದರೆ ತಿಂಗಳಿಗೆ 270 ಚೌಕ. ಅಷ್ಟು ತುಂಬಿಸುವುದಕ್ಕೆ ಒಬ್ಬ ಗುಮಾಸ್ತ ಬೇಕು. ಇನ್ನು ಸತತ ದಿನಗಳ ಎಣಿಕೆ: ಅದು 34 ದಿನದ ಕೆಲಸವನ್ನು ಒಂದು ಕೋಲಕ್ಕೆ ಅಳಿಸಿಹಾಕುತ್ತದೆ. ಕೆಲಸ ಅಳಿಸಿಹೋಗಿಲ್ಲ, ಎಣಿಕೆ ಮಾತ್ರ ಹೋದದ್ದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿದ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು 18ರಿಂದ 254 ದಿನದವರೆಗೆ ಬೇಕಾಗಬಹುದು ಎಂದು ಕಂಡಿತ್ತು. ನಡುವಿನ ಅಂಕಿ 66. ಎಲ್ಲರೂ ಹೇಳುವ '21 ದಿನ' ಅಲ್ಲಿ ಕಾಣುವುದಿಲ್ಲ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಷ್ಟು ವ್ಯತ್ಯಾಸ ಆಗಲಿಲ್ಲ ಎಂಬುದೂ ಅದರಲ್ಲೇ ಇದೆ.

ನಮ್ಮೂರಿನವರಿಗೆ ಇದಕ್ಕೆ ಹಳೆಯ ಮಾದರಿ ಒಂದು ಇದೆ: ಪಿಗ್ಮಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಶುರು ಮಾಡಿದ ಉಳಿತಾಯ ಯೋಜನೆ. ದಿನಕ್ಕೆ ಎರಡಾಣೆ ಕೊಟ್ಟರೂ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ಅದು ಏಕೆ ನಡೆಯಿತು ನೋಡಿ. ಮೊತ್ತ ಸಣ್ಣದು, ಕೊಡಲಾಗದು ಅನ್ನುವಂತಿಲ್ಲ. ಬರುವ ಹೊತ್ತು ಗೊತ್ತು. ಹಣ ಕೈಬಿಟ್ಟ ಗಳಿಗೆಯಲ್ಲೇ ಕಾರ್ಡಿನಲ್ಲಿ ಬರೆದಾಗುತ್ತದೆ, ರಾತ್ರಿ ನೆನಪು ಮಾಡಿಕೊಂಡು ಬರೆಯುವುದಿಲ್ಲ. ಒಂದು ದಿನ ಅಂಗಡಿ ಮುಚ್ಚಿದ್ದರೆ ಹಿಂದಿನ ಮೊತ್ತ ಸೊನ್ನೆ ಆಗುವುದಿಲ್ಲ, ಅಲ್ಲೇ ಇರುತ್ತದೆ.

ಹಾಗೇ ಮಾಡಿ. ಒಂಬತ್ತರಲ್ಲಿ ಎರಡು ಮಾತ್ರ ಇಟ್ಟುಕೊಳ್ಳಿ. ತಾರೀಕಿನ ಚೌಕ ದೊಡ್ಡದಿರುವ ಗೋಡೆ ಕ್ಯಾಲೆಂಡರ್ ಒಂದನ್ನು ಚಪ್ಪಲಿ ಬಿಡುವಲ್ಲೋ ಹಲ್ಲುಜ್ಜುವಲ್ಲೋ ತೂಗುಹಾಕಿ, ಅದೇ ಮೊಳೆಗೆ ನೂಲಿನಲ್ಲಿ ಪೆನ್ನು ಕಟ್ಟಿ. ಪೆನ್ನು ಹುಡುಕಬೇಕಾದ ದಿನವೇ ಲೆಕ್ಕ ನಿಲ್ಲುವುದು. ಪ್ರತಿಯೊಂದಕ್ಕೂ ಎರಡು ಅಳತೆ ಇರಲಿ. ಪೂರ್ತಿ ಅಂದರೆ 30 ನಿಮಿಷದ ನಡಿಗೆ, ಅದಕ್ಕೆ ಗೀಟು. ಕನಿಷ್ಠ ಅಂದರೆ 5 ನಿಮಿಷ, ಅದಕ್ಕೆ ಚುಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ಹೊರಗೆ ನಡೆಯುವುದು ಮಳೆಯ ಮರ್ಜಿ. ಮನೆಯ ಜಗಲಿಯಲ್ಲೋ ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲೋ ಆಗುವಂಥದ್ದನ್ನು ಮೇ ತಿಂಗಳಲ್ಲೇ ಕನಿಷ್ಠ ಅಂತ ಬರೆದಿಡಿ. ಮಳೆ ಬಂದ ಮೇಲೆ ಯೋಚಿಸಿದರೆ ಹಾಸಿಗೆಯೇ ಗೆಲ್ಲುತ್ತದೆ.

ತಿಂಗಳ ಕೊನೆಗೆ ಗೀಟು, ಚುಕ್ಕೆ ಎರಡನ್ನೂ ಕೂಡಿಸಿ. 30ರಲ್ಲಿ 22 ಬಂದರೆ ಮುಂದಿನ ತಿಂಗಳಿಗೂ ಅದೇ ಗುರಿ ಇಡಿ. 12ಕ್ಕಿಂತ ಕಮ್ಮಿ ಬಂದರೆ ನಿಮ್ಮ ಶಿಸ್ತಿನ ತಪ್ಪು ಹುಡುಕುವ ಮೊದಲು ಹೊತ್ತು ಬದಲಿಸಿ ನೋಡಿ. ಹೆಚ್ಚಿನ ಸಲ ತಪ್ಪಿರುವುದು ಅಲ್ಲಿ. ಕೋಲ, ಮದುವೆ, ಸೂತಕದ ದಿನಗಳಿಗೆ ಅಡ್ಡಗೆರೆ ಎಳೆದು ಒಟ್ಟು ದಿನದಿಂದಲೇ ಕಳೆಯಿರಿ. ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಅಡ್ಡಗೆರೆ ಬಂದರೆ ನೀವು ನಿಮಗೇ ಸುಳ್ಳು ಹೇಳುತ್ತಿದ್ದೀರಿ.

ಪ್ರಶ್ನೆ: ಮನೆ ಸಾಲ 20 ಲಕ್ಷ, 8.5% ಬಡ್ಡಿ, 20 ವರ್ಷ, ಕಂತು 17,356 ರೂಪಾಯಿ. ಫ್ರಿಜ್ಜಿನ ಬಾಗಿಲಿಗೆ 240 ಚೌಕದ ಹಾಳೆ ಅಂಟಿಸಿ ಕಂತಿಗೊಂದು ಚೌಕ ಬಣ್ಣ ಹಾಕುತ್ತೇವೆ. 60 ಆಯಿತು, ಕಾಲು ಭಾಗ ತೀರಿತು ಅಂತ ಇದ್ದೆವು. ಬ್ಯಾಂಕಿನ ಸ್ಟೇಟ್‌ಮೆಂಟ್ ಬಾಕಿ 17.62 ಲಕ್ಷ ಅನ್ನುತ್ತದೆ! ಲೆಕ್ಕ ತಪ್ಪಿದೆಯಾ?
— ದಂಪತಿ, ಮಣಿಪಾಲ

ಉತ್ತರ: ಬ್ಯಾಂಕಿನ ಲೆಕ್ಕ ಸರಿ, ಫ್ರಿಜ್ಜಿನದು ತಪ್ಪು. ಮೊದಲ ತಿಂಗಳು 20 ಲಕ್ಷಕ್ಕೆ ಬಡ್ಡಿಯೇ 14,167. ನಿಮ್ಮ 17,356ರಲ್ಲಿ ಅಸಲಿಗೆ ಹೋದದ್ದು 3,189 ಮಾತ್ರ. ಐದು ವರ್ಷದಲ್ಲಿ ಒಟ್ಟು 10.41 ಲಕ್ಷ ಕಟ್ಟಿದ್ದೀರಿ. ಅದರಲ್ಲಿ ಸುಮಾರು 8.04 ಲಕ್ಷ ಬಡ್ಡಿ, 2.37 ಲಕ್ಷ ಅಸಲು. ಅವಧಿ ಕಾಲು ಭಾಗ ಕಳೆದರೂ ಸಾಲ ತೀರಿದ್ದು 12%. ಹೀಗೇ ಹೋದರೆ ಅಸಲು ಅರ್ಧಕ್ಕೆ ಬರುವುದು ಹದಿನಾಲ್ಕನೇ ವರ್ಷದ ಕೊನೆಯ ಹೊತ್ತಿಗೆ.

ಆ ಹಾಳೆ ತೆಗೆದು ಹೊಸದು ಅಂಟಿಸಿ: 200 ಚೌಕ, ಒಂದೊಂದಕ್ಕೆ 10,000 ರೂಪಾಯಿ ಅಸಲು. ಈವತ್ತಿಗೆ 23 ಚೌಕ ತುಂಬಿಸಬಹುದು, ಇಪ್ಪತ್ತನಾಲ್ಕನೆಯದು ಮುಕ್ಕಾಲು. ನೋಡಲು ಬೇಸರ, ಆದರೆ ಈ ಹಾಳೆಯೇ ಸರಿಯಾದ ದಾರಿ ತೋರಿಸುವುದು. ಈಗ ಕೈಗೆ ಬಂದ 50,000 ಬೋನಸನ್ನು ಅಸಲಿಗೆ ಕಟ್ಟಿದರೆ ಒಂದೇ ದಿನ ಐದು ಚೌಕ ತುಂಬುತ್ತದೆ, ಕಂತು ಅಷ್ಟೇ ಇಟ್ಟುಕೊಂಡರೆ ಕೊನೆಯಲ್ಲಿ ಸುಮಾರು 10 ಕಂತು, ಅಂದರೆ 1.7 ಲಕ್ಷ ಕಟ್ಟುವುದು ತಪ್ಪುತ್ತದೆ. ಕಟ್ಟುವಾಗ 'ಕಂತು ಹಾಗೇ ಇರಲಿ, ಅವಧಿ ಕಮ್ಮಿ ಮಾಡಿ' ಅಂತ ಬರೆದು ಕೊಡಿ. ಬಾಯಿಯಲ್ಲಿ ಹೇಳಿದರೆ ಕಂತು ಕಮ್ಮಿ ಮಾಡಿ ಅವಧಿ ಹಾಗೇ ಬಿಡುವುದುಂಟು. ಬಡ್ಡಿ ದರ ಬದಲಾಗುವ ಮನೆ ಸಾಲವಾದರೆ ಮೊದಲೇ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ಅಂಥ ಸಾಲದಲ್ಲಿ ದರ ಏರಿದಾಗ ಕಂತು ಏರಿಸದೆ ಅವಧಿಯನ್ನೇ ಎಳೆಯುವುದೂ ಉಂಟು, ಹಾಗಾಗಿ ವರ್ಷಕ್ಕೊಮ್ಮೆ 'ಉಳಿದ ಕಂತು ಎಷ್ಟು' ಎನ್ನುವುದನ್ನೂ ಹಾಳೆಯ ಮೂಲೆಯಲ್ಲಿ ಬರೆಯಿರಿ.

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಹಂಪನಕಟ್ಟೆ ಹತ್ತಿರ ರೂಮು, ದಿನಕ್ಕೆ 10 ಗಂಟೆ ಓದು, ಗಂಟೆ ಗಂಟೆಗೂ ಬರೆದಿಟ್ಟಿದ್ದೇನೆ. ಪ್ರಿಲಿಮ್ಸ್ (ಮೊದಲ ಹಂತದ ಪರೀಕ್ಷೆ) ಮಾಕ್ ಟೆಸ್ಟ್, ಅಂದರೆ ಅಭ್ಯಾಸ ಪರೀಕ್ಷೆ ಮಾತ್ರ ನಾಲ್ಕು ತಿಂಗಳಿಂದ 50–54ರಲ್ಲೇ ಉಂಟು. ಇನ್ನು ಎಷ್ಟು ಗಂಟೆ ಹೆಚ್ಚಿಸುವುದು?
— ಅಭ್ಯರ್ಥಿ, ಮಂಗಳೂರು

ಉತ್ತರ: ಒಂದು ಗಂಟೆಯೂ ಬೇಡ. ನಿಮ್ಮದು ಹಾಜರಿ ಪುಸ್ತಕ, ಪ್ರಗತಿ ಪುಸ್ತಕ ಅಲ್ಲ.

ಪ್ರಿಲಿಮ್ಸ್ ಅಂದರೆ 60 ನಿಮಿಷಕ್ಕೆ 100 ಪ್ರಶ್ನೆ, ತಪ್ಪಿಗೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. 78 ಉತ್ತರಿಸಿ 58 ಸರಿ, 20 ತಪ್ಪು ಆದರೆ, ಪ್ರಶ್ನೆಗೆ ಒಂದಂಕದ ಲೆಕ್ಕದಲ್ಲಿ, 58ರಿಂದ 5 ಕಳೆದು 53. ನೀವು ನೋಡಬೇಕಾದದ್ದು 53 ಅಲ್ಲ, ಆ 20. ಪ್ರತಿ ಮಾಕ್ ಮುಗಿದ ಅದೇ ದಿನ 200 ಪುಟದ ನೋಟ್‌ಬುಕ್ಕಿನಲ್ಲಿ ತಪ್ಪೊಂದಕ್ಕೆ ಒಂದು ಸಾಲು ಬರೆಯಿರಿ: ತಾರೀಕು, ವಿಷಯ, ತೆಗೆದುಕೊಂಡ ಸೆಕೆಂಡು, ತಪ್ಪಿನ ಜಾತಿ. ಜಾತಿ ನಾಲ್ಕೇ. ಗೊತ್ತಿರಲಿಲ್ಲ. ಗೊತ್ತಿತ್ತು, ಕೈತಪ್ಪು. ಗೊತ್ತಿತ್ತು, ಹೊತ್ತು ಸಾಲದೆ ಅವಸರ. ಊಹೆ. ಐದು ಮಾಕ್ ಆದ ಮೇಲೆ ಯಾವ ಜಾತಿ ಹೆಚ್ಚು ಅಂತ ಎಣಿಸಿ. ಹತ್ತು ಗಂಟೆ ಓದುವವರಲ್ಲಿ 'ಗೊತ್ತಿರಲಿಲ್ಲ' ಅಷ್ಟಾಗಿ ಇರುವುದಿಲ್ಲ. ಕೈತಪ್ಪು, ಅವಸರವೇ ರಾಶಿ ಬೀಳುತ್ತದೆ. ಅದಕ್ಕೆ ಇನ್ನೊಂದು ಪುಸ್ತಕ ಓದುವುದು ಮದ್ದಲ್ಲ. ಹತ್ತು ಪ್ರಶ್ನೆಗಳ ಸೆಟ್ಟುಗಳನ್ನು ಆರು ನಿಮಿಷದ ಟೈಮರ್ ಇಟ್ಟು ಮಾಡುವುದು ಮದ್ದು.

ಊಹೆಯ ಲೆಕ್ಕ ಬಿಡಿಸಿ ಹೇಳಬೇಕು. ಐದು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತಿದರೆ ಐದರಲ್ಲಿ ಒಂದು ಸಲ 1 ಅಂಕ ಬರುತ್ತದೆ, ನಾಲ್ಕು ಸಲ ಕಾಲು ಕಾಲು ಹೋಗುತ್ತದೆ. ಕೂಡಿಸಿದರೆ ಸೊನ್ನೆ. ಲಾಭವೂ ಇಲ್ಲ, ನಷ್ಟವೂ ಇಲ್ಲ, ಹೊತ್ತು ಮಾತ್ರ ದಂಡ. ಒಂದು ಆಯ್ಕೆಯನ್ನಾದರೂ ಖಚಿತವಾಗಿ ಬದಿಗಿಡಲು ಆದರೆ ಮಾತ್ರ ಊಹೆ ಲಾಭದ್ದು. ನೋಟ್‌ಬುಕ್ಕಿನಲ್ಲಿ ಊಹೆಗೂ ಒಂದು ಗುರುತು ಇರಲಿ, ಸರಿ ಬಂದ ಊಹೆಗೂ ಕೂಡ. ಅದೃಷ್ಟದ ನಾಲ್ಕು ಅಂಕ ಬಂದ ವಾರ 'ಸುಧಾರಿಸಿದೆ' ಅನಿಸುವುದು, ಮುಂದಿನ ವಾರ ಅದೇ ನಾಲ್ಕು ಹೋದಾಗ ಊಟ ಬಿಡುವುದು ಎರಡೂ ಅದರಿಂದ ತಪ್ಪುತ್ತದೆ. ಒಂದು ಮಾಕ್ ಸುಲಭ, ಒಂದು ಕಷ್ಟ ಇರುವುದರಿಂದ ಅಂಕಕ್ಕಿಂತ ಪರ್ಸೆಂಟೈಲ್ (ನೂರರಲ್ಲಿ ಎಷ್ಟು ಜನ ನಿಮಗಿಂತ ಹಿಂದೆ ಎನ್ನುವ ಅಂಕಿ) ಬರೆಯಿರಿ, ಅದೂ ಮೂರು ಮಾಕ್‌ಗಳ ಸರಾಸರಿ. ತಪ್ಪಾದ ಪ್ರಶ್ನೆಯನ್ನು ಮೂರು, ಏಳು, ಇಪ್ಪತ್ತೊಂದನೇ ದಿನ ಉತ್ತರ ನೋಡದೆ ಮತ್ತೆ ಬಿಡಿಸಿ. ಮೂರು ಸಲವೂ ಸರಿಯಾದ ಮೇಲೆ ಆ ಸಾಲನ್ನು ಹೊಡೆದು ಹಾಕಿ. ವಾರಕ್ಕೆ ಎಷ್ಟು ಸಾಲು ಹೊಡೆದಿರಿ ಎನ್ನುವುದೇ ನಿಮ್ಮ ಪ್ರಗತಿ.

ಪ್ರಶ್ನೆ: ಯಕ್ಷಗಾನದ ಬಡಗುತಿಟ್ಟಿನ ಹೆಜ್ಜೆ ಕಲಿಯುತ್ತಿದ್ದೇನೆ, ವಾರಕ್ಕೆ ಒಂದು ಕ್ಲಾಸು, ಒಂದೂವರೆ ವರ್ಷ ಆಯಿತು. ಗುರುಗಳು 'ಪರವಾಗಿಲ್ಲ' ಅನ್ನುತ್ತಾರೆ. ಮುಂದೆ ಹೋಗಿದ್ದೇನೋ ಇಲ್ಲವೋ ತಿಳಿಯುವುದು ಹೇಗೆ?
— ಅಂಗಡಿ ಮಾಲೀಕ, ಬ್ರಹ್ಮಾವರ

ಉತ್ತರ: ಕಣ್ಣಳತೆಗೆ ಸಿಗದ ವಿದ್ಯೆಗೆ ವಿಡಿಯೋ ಒಳ್ಳೆಯ ಅಳತೆಗೋಲು. ತಿಂಗಳ ಮೊದಲ ಭಾನುವಾರ ಅದೇ ತಾಳ, ಅದೇ ಹೆಜ್ಜೆ, ಅದೇ ವೇಗ, ಅದೇ ಜಾಗ. ಮೊಬೈಲು ಸೊಂಟದ ಎತ್ತರದಲ್ಲಿ ಇರಲಿ. ಪಾದ ಚೌಕಟ್ಟಿನೊಳಗೆ ಕಾಣಬೇಕು, ಮುಖ ಕಾಣದಿದ್ದರೂ ಅಡ್ಡಿಯಿಲ್ಲ. ಬಾಯಿತಾಳ ಹೇಳುತ್ತಾ ಹತ್ತು ಆವರ್ತನ ಕುಣಿದು, ಎಷ್ಟು ಸಲ ಹೆಜ್ಜೆ ಸರಿಯಾಗಿ ಎತ್ತುಗಡೆಗೆ (ತಾಳದಲ್ಲಿ ಎತ್ತಿಕೊಳ್ಳುವ ಜಾಗ) ಬಂದು ಕೂತಿತು ಅಂತ ಎಣಿಸಿ. ಒಂದೇ ಸಮನೆ ಪೆಟ್ಟು ಹಾಕುವ ಮೆಟ್ರೊನೋಮ್ ಆ್ಯಪ್ ಇದ್ದರೆ ನಿಮಿಷಕ್ಕೆ 60 ಪೆಟ್ಟಿನಿಂದ ಶುರು ಮಾಡಿ, ಹತ್ತರಲ್ಲಿ ಎಂಟು ಸರಿ ಬಂದ ಮೇಲೆ 65. ಬಾಯಿತಾಳ ನಿಂತುಹೋಗಿ ಕಾಲು ಮಾತ್ರ ನಡೆದರೆ ಅದು ತಪ್ಪಿನ ಲೆಕ್ಕಕ್ಕೇ. ವಾರಕ್ಕೆ ಒಂದೇ ಕ್ಲಾಸಾದರೆ ನಡುವೆ ದಿನಾ ಹತ್ತು ನಿಮಿಷ ಬೇಕು. ವಿಡಿಯೋ ದಿನಾ ನೋಡಬೇಡಿ, ಆರು ತಿಂಗಳ ಹಿಂದಿನದರ ಪಕ್ಕ ಇಟ್ಟು ನೋಡಿ.

ಪ್ರಶ್ನೆ: ಗುರಿಯನ್ನು ನಾಲ್ಕು ಜನರಿಗೆ ಹೇಳಬೇಕಾ, ಗುಟ್ಟಾಗಿ ಇಡಬೇಕಾ?
— ಓದುಗರು, ಕಾಪು

ಉತ್ತರ: ಗುರಿಯನ್ನು ಹೇಳಿ ಹೆಚ್ಚು ಪ್ರಯೋಜನ ಇಲ್ಲ, ಅಂಕಿಯನ್ನು ಹೇಳಿ. 138 ಅಧ್ಯಯನಗಳನ್ನು ಒಟ್ಟುಮಾಡಿ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಪ್ರಗತಿಯನ್ನು ಬರೆದಿಟ್ಟವರಿಗೆ, ಇನ್ನೊಬ್ಬರಿಗೆ ತಿಳಿಸಿದವರಿಗೆ ಫಲ ಹೆಚ್ಚು ಸಿಕ್ಕಿತ್ತು. ಒಬ್ಬರು ಸಾಕು. ಭಾನುವಾರ ಸಂಜೆ 'ಈ ವಾರ 5 ದಿನ' ಅಂತ ಒಂದು ವಾಟ್ಸಾಪ್. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಬೇಡಿ, ದೊಡ್ಡಮ್ಮನ ಉಪದೇಶ ಶುರುವಾಗುತ್ತದೆ.

ಪ್ರಶ್ನೆ: 60 ಮಲ್ಲಿಗೆ ಗಿಡ ಉಂಟು. ತಿಂಗಳಿಗೆ 15,000 ರೂಪಾಯಿ ಗುರಿ ಇಟ್ಟು ಗೆರೆ ಹಾಕಿದ ಪುಸ್ತಕದಲ್ಲಿ ಬರೆಯುತ್ತೇನೆ. ಒಂದು ತಿಂಗಳು ದಾಟುತ್ತದೆ, ಇನ್ನೊಂದು ತಿಂಗಳು ಅರ್ಧವೂ ಇಲ್ಲ. ಗಿಡ ನೋಡುವುದರಲ್ಲಿ ಎಲ್ಲಿ ತಪ್ಪುತ್ತಿದೆ ಗೊತ್ತಾಗುವುದಿಲ್ಲ.
— ಮಲ್ಲಿಗೆ ಬೆಳೆಗಾರ್ತಿ, ಶಂಕರಪುರ

ಉತ್ತರ: ಹಣದ ಲೆಕ್ಕದಿಂದ ಅದು ಗೊತ್ತಾಗುವುದೇ ಇಲ್ಲ. ಅಟ್ಟೆಗೆ, ಅಂದರೆ ಮಲ್ಲಿಗೆಯ ಕಟ್ಟಿಗೆ, ಈವತ್ತು ಎಷ್ಟು ಎಂಬುದು ನಿಮ್ಮ ಕೈಯಲ್ಲಿಲ್ಲ. ಆಟಿ ತಿಂಗಳಲ್ಲಿ (ಆಷಾಢದ ಹೊತ್ತು) ಮದುವೆ ಇಲ್ಲ, ದರ ಬೀಳುತ್ತದೆ. ಚೌತಿ ಹತ್ತಿರ ಬಂದಾಗ ಅದೇ ಹೂವು ಏರುತ್ತದೆ. ಗಿಡ ಚೆನ್ನಾಗಿ ಬಿಟ್ಟ ತಿಂಗಳೇ ಹಣ ಕಮ್ಮಿ ಬಂದು, ಚೆನ್ನಾಗಿ ನೋಡಿದ್ದೇ ತಪ್ಪಾಯಿತೇನೋ ಅನಿಸುವುದು ಹೀಗೆ.

ಪುಸ್ತಕದಲ್ಲಿ ಕಂಬ (ಕಾಲಂ) ಬೇರೆ ಮಾಡಿ: ಕೊಯ್ದ ಹೂವು ಎಷ್ಟು ಚೆಂಡು (ಮಲ್ಲಿಗೆ ಅಳೆಯುವ ಲೆಕ್ಕ), ಆ ದಿನದ ದರ, ಹುಳ ತಿಂದು ಬಿಸಾಡಿದ ಮೊಗ್ಗು ಸುಮಾರು ಎಷ್ಟು ಹಿಡಿ, ಖರ್ಚು. ಚೆಂಡಿನ ಕಂಬ ಗಿಡದ ಸುದ್ದಿ ಹೇಳುತ್ತದೆ, ದರದ ಕಂಬ ಪೇಟೆಯ ಸುದ್ದಿ. ಹೋಲಿಸುವುದು ಹೋದ ತಿಂಗಳಿಗೆ ಅಲ್ಲ, ಹೋದ ವರ್ಷದ ಇದೇ ತಿಂಗಳಿಗೆ. ಜುಲೈಯನ್ನು ಏಪ್ರಿಲ್ ಜೊತೆ ಇಟ್ಟರೆ ಮಳೆಯೊಂದೇ ಕಾಣುತ್ತದೆ. ಹೋದ ವರ್ಷದ್ದು ಬರೆದಿಲ್ಲದಿದ್ದರೆ ಈ ವರ್ಷ ಸುಮ್ಮನೆ ಬರೆಯುತ್ತಾ ಹೋಗಿ, ಗುರಿ ಬೇಡ. ಪುಸ್ತಕದ ಹಿಂದಿನ ಪುಟದಲ್ಲಿ ನೀವು ಮಾಡಿದ ಕೆಲಸದ ತಾರೀಕು: ಗೆಲ್ಲು ಕತ್ತರಿಸಿದ್ದು, ಗೊಬ್ಬರ ಹಾಕಿದ್ದು, ಮದ್ದು ಬಿಟ್ಟದ್ದು. ಕತ್ತರಿಸಿದ ಮೇಲೆ ಬರುವ ಹೊಸ ಚಿಗುರಿನಲ್ಲೇ ಮೊಗ್ಗು ಕಟ್ಟುವುದರಿಂದ, ಕತ್ತರಿಸಿದ ತಾರೀಕಿಗೂ ಚೆಂಡಿನ ಕಂಬ ಏರುವುದಕ್ಕೂ ನಡುವೆ ಎಷ್ಟು ದಿನ ಎನ್ನುವುದು ಒಂದೇ ವರ್ಷದಲ್ಲಿ ನಿಮಗೆ ತಿಳಿಯುತ್ತದೆ. ಹೂವಿಗೆ ಬೇಡಿಕೆ ಇರುವ ವಾರದಿಂದ ಅಷ್ಟು ದಿನ ಹಿಂದೆ ಎಣಿಸಿ ಕತ್ತರಿ ಹಿಡಿಯಬಹುದು.

ಹೊಸ ಗೊಬ್ಬರ ನೋಡುವುದಾದರೆ 60ಕ್ಕೂ ಹಾಕಬೇಡಿ. ಒಂದೇ ಬಿಸಿಲು ಬೀಳುವ ಸಾಲಿನಲ್ಲಿ ಹತ್ತು ಗಿಡಕ್ಕೆ ಹೊಸದು, ಪಕ್ಕದ ಹತ್ತಕ್ಕೆ ಹಳೆಯದೇ. ಕೊಯ್ಯುವಾಗ ಎರಡನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ, ಕಟ್ಟುವ ಮೊದಲೇ ಎಣಿಸಿ ಬರೆಯಿರಿ. ನಾರಿಗೆ ಏರಿದ ಮೇಲೆ ಯಾವುದು ಯಾವ ಗಿಡದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎರಡು ತಿಂಗಳಾದರೂ ಹೀಗೆ ನಡೆಯಬೇಕು. ಗಿಡದ ಗುರುತಿಗೆ ಬಟ್ಟೆ ಚೂರು ಕಟ್ಟಿದರೆ ಒಂದು ಮಳೆಗಾಲಕ್ಕೆ ಕೊಳೆತು ಬೀಳುತ್ತದೆ, ಪ್ಲಾಸ್ಟಿಕ್ ಪಟ್ಟಿ ಕಟ್ಟಿ.